ರಿಪೋರ್ಟಿನಲ್ಲಿ ‘6 ವಾರ 3 ದಿನ’, ಮದುವೆಯಾಗಿ ಐದು ವಾರವೂ ಆಗಿಲ್ಲ: ಗರ್ಭದ ವಯಸ್ಸನ್ನು ಎಲ್ಲಿಂದ ಎಣಿಸ್ತಾರೆ?

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ನಮಸ್ಕಾರ. ತಂಗಿಯ ವಿಷಯಕ್ಕೆ ಕೇಳ್ತಿದ್ದೀನಿ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಅವಳ ಮದುವೆ ಮೇ 2ಕ್ಕೆ ಆಯ್ತು. ತಿಂಗಳು ತಪ್ಪಿತು ಅಂತ ಕಿಟ್ ತಂದು ನೋಡಿದಳು, ಎರಡು ಗೆರೆ ಬಂತು. ಜೂನ್ 4ಕ್ಕೆ ಸ್ಕ್ಯಾನ್ ಮಾಡಿಸಿದರು. ರಿಪೋರ್ಟಿನಲ್ಲಿ ಇರೋದು ಇಷ್ಟು: ಎಲ್‌ಎಂಪಿ (ಕೊನೆಯ ಮುಟ್ಟಿನ ಮೊದಲ ದಿನ) ಏಪ್ರಿಲ್ 20, ಸಿಆರ್‌ಎಲ್ (ಭ್ರೂಣದ ಉದ್ದ) 6 ಮಿ.ಮೀ., ಹೃದಯ ಬಡಿತ ಇದೆ, ಜಿಎ 6 ವಾರ 3 ದಿನ, ಇಡಿಡಿ (ಹೆರಿಗೆಯ ಅಂದಾಜು ದಿನ) ಜನವರಿ 25.

ಅವಳ ನಾದಿನಿ ಆ ಹಾಳೆ ಓದಿ ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದ್ದಾಳೆ. ಮೇ 2ರಿಂದ ಜೂನ್ 4ಕ್ಕೆ 33 ದಿನ. ‘ಮದುವೆಯಾಗಿ ಐದು ವಾರ ತುಂಬಿಲ್ಲ, ಮಗುಗೆ ಆರೂವರೆ ವಾರ ಹೇಗಾಯ್ತು?’ ಅಂತ ಅತ್ತೆ ಹತ್ತಿರ ಹೇಳಿದ್ದಾಳೆ. ಯಾರೂ ಬಾಯಿ ಬಿಟ್ಟು ಏನೂ ಅಂದಿಲ್ಲ. ಆದರೆ ತಂಗಿ ಗಂಡ ಸರಿಯಾಗಿ ಮಾತಾಡ್ತಿಲ್ಲ. ಅವಳು ಬಚ್ಚಲುಮನೆಗೆ ಹೋಗಿ ನನಗೆ ಫೋನ್ ಮಾಡಿ ಅಳ್ತಾಳೆ.

ನಾನು ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದೀನಿ. ಫಲೀಕರಣ ಆದ ದಿನದಿಂದ ಭ್ರೂಣದ ದಿನ ಲೆಕ್ಕ ಅಂತಲೇ ನೆನಪು. ಹಾಗಿದ್ದರೆ ಈ ಜಿಎ ಅಂದರೆ ಏನು? ಯಂತ್ರ ಏನಾದರೂ ತಪ್ಪು ತೋರಿಸಿರಬಹುದಾ?

ಸ್ಕ್ಯಾನ್ ಕೊಠಡಿ (ಮೈಸೂರು)

ಮೊದಲು ತಂಗಿಗೆ ಫೋನ್ ಮಾಡಿ ಧೈರ್ಯ ಹೇಳಿ. ರಿಪೋರ್ಟೂ ಸರಿ ಇದೆ, ಅವಳ ಮದುವೆ ದಿನವೂ ಅದಕ್ಕೆ ಸರಿಯಾಗಿ ಹೊಂದುತ್ತೆ.

ಜಿಎ ಅಂದರೆ ಗರ್ಭದ ವಯಸ್ಸು. ಇದನ್ನು ಎಣಿಸೋದು ಗರ್ಭ ಕಟ್ಟಿದ ದಿನದಿಂದಲ್ಲ, ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಆವತ್ತು ಒಳಗೆ ಭ್ರೂಣವೇ ಇರಲ್ಲ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಹೊರಬರೋದು ಹೆಚ್ಚುಕಮ್ಮಿ 14ನೇ ದಿನ. ಬಂದ ಮೇಲೆ ಒಂದು ದಿನದೊಳಗೆ ಫಲಿಸಬೇಕು, ಇಲ್ಲದಿದ್ದರೆ ಅದರ ಕಾಲ ಮುಗೀತು. ಹೀಗಾಗಿ ಯಾವ ಬಸುರಿಯ ರಿಪೋರ್ಟ್ ತೆಗೆದರೂ ಅದರಲ್ಲಿ ಮೊದಲ ಎರಡು ವಾರ ಮಗುವಿನದಲ್ಲ.

ನಿಮ್ಮ ತಂಗಿಯ ಲೆಕ್ಕ ನೋಡಿ. ಏಪ್ರಿಲ್ 20ರಿಂದ ಜೂನ್ 4ಕ್ಕೆ 45 ದಿನ, ಅದೇ 6 ವಾರ 3 ದಿನ. ಏಪ್ರಿಲ್ 20ಕ್ಕೆ 14 ಸೇರಿಸಿದರೆ ಮೇ 4. ಮದುವೆಯಾಗಿ ಎರಡು ದಿನ. ಅಲ್ಲಿಂದ ಜೂನ್ 4ಕ್ಕೆ 31 ದಿನ. ಅಂದರೆ ಸ್ಕ್ಯಾನ್ ಮಾಡಿದ ದಿನ ಒಳಗಿದ್ದ ಭ್ರೂಣಕ್ಕೆ ನಾಲ್ಕೂವರೆ ವಾರ ಅಷ್ಟೇ.

ಇದರಲ್ಲಿ ಓದಿದವರೂ ಎಡವುವ ಒಂದು ಜಾಗ ಇದೆ. ‘ಮುಟ್ಟಿನ ದಿನ ಅವಳು ಹೇಳಿದ್ದು, ಆದರೆ ಮಿಲಿಮೀಟರ್ ಯಂತ್ರ ಅಳೆದಿದ್ದಲ್ವಾ, ಅದೂ ಆರೂವರೆ ವಾರ ಅಂತಿದೆಯಲ್ಲ’ ಅಂತ ಕೇಳ್ತಾರೆ. ಸಿಆರ್‌ಎಲ್ ಅಂದರೆ ಭ್ರೂಣದ ತಲೆಯ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ. ನಾವು ಪರದೆ ಮೇಲೆ ಆ ಎರಡು ತುದಿಗೆ ಎರಡು ಗುರುತು ಇಡ್ತೀವಿ, ಯಂತ್ರ ಆ ಉದ್ದವನ್ನು ತನ್ನೊಳಗಿನ ಕೋಷ್ಟಕದಲ್ಲಿ ಹುಡುಕಿ ವಾರ, ದಿನ ಬರೆಯುತ್ತೆ. ಈ ಬಗೆಯ ಕೋಷ್ಟಕವನ್ನು 1973ರಲ್ಲಿ ಮೊದಲು ಕೊಟ್ಟವರು ಗ್ಲಾಸ್ಗೋದ ಹ್ಯೂ ರಾಬಿನ್ಸನ್. ಮುಟ್ಟಿನ ದಿನ ಖಚಿತವಾಗಿ ಗೊತ್ತಿದ್ದ ಬಸುರಿಯರನ್ನು ಅಳೆದು ಮಾಡಿದ ಕೋಷ್ಟಕ ಅದು. ಅಂದರೆ ಆ ಎರಡು ವಾರ ಕೋಷ್ಟಕದೊಳಗೇ ಸೇರಿ ಕೂತಿದೆ. ಮುಟ್ಟಿನ ದಿನ ಹೇಳದೇ ಹೋದರೂ ಯಂತ್ರ ಎರಡು ವಾರ ಸೇರಿಸಿಯೇ ಹೇಳುತ್ತೆ.

ಅಂಗರಚನೆ ಮೇಷ್ಟ್ರು (ದಾವಣಗೆರೆ)

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಆದರೆ ಪಿಯುಸಿ ಪುಸ್ತಕದ ನೆನಪೂ ತಪ್ಪಲ್ಲಮ್ಮ. ನಾನು ವೈದ್ಯಕೀಯ ಕಾಲೇಜಿನಲ್ಲಿ ಭ್ರೂಣಶಾಸ್ತ್ರ ಪಾಠ ಮಾಡ್ತೀನಿ. ನಮ್ಮ ಪುಸ್ತಕಗಳಲ್ಲಿ ‘22ನೇ ದಿನ ಹೃದಯ ಬಡಿಯಲು ಶುರು’, ‘28ನೇ ದಿನದ ಹೊತ್ತಿಗೆ ನರನಾಳ (ಮುಂದೆ ಮೆದುಳು, ಬೆನ್ನುಹುರಿ ಆಗುವ ಕೊಳವೆ) ಮುಚ್ಚುತ್ತದೆ’ ಅಂತ ಇರೋದು ಫಲೀಕರಣದಿಂದ ಎಣಿಸಿದ ದಿನಗಳು. ಪ್ರಸೂತಿ ವಿಭಾಗಕ್ಕೆ ಹೋದರೆ ಅದೇ ಸಂಗತಿಗಳು 36ನೇ ದಿನ, 42ನೇ ದಿನ ಆಗ್ತವೆ. ಎರಡನೇ ವರ್ಷ ದಾಟಿ ವಾರ್ಡಿಗೆ ಹೋದ ವಿದ್ಯಾರ್ಥಿಗಳು ಪ್ರತಿ ಸಲ ಇಲ್ಲೇ ಸಿಕ್ಕಿಕೊಳ್ತಾರೆ.

ಹಾಗಾಗಿ ಎರಡು ಹೆಸರು ಇಟ್ಟುಕೊಳ್ಳೋದು ಒಳ್ಳೇದು. ಮುಟ್ಟಿನಿಂದ ಎಣಿಸಿದ್ದು ಗರ್ಭದ ವಯಸ್ಸು. ಫಲೀಕರಣದಿಂದ ಎಣಿಸಿದ್ದು ಭ್ರೂಣದ ವಯಸ್ಸು. ನಮ್ಮ ಪತ್ರಿಕೆಗಳು ಈ ಎರಡನ್ನೂ ಒಂದೇ ಅಂತ ಬರೀತವೆ. ‘24 ವಾರದ ಭ್ರೂಣ’ ಅಂತ ಸುದ್ದಿ ಬಂದರೆ ಅದು ಗರ್ಭದ 24 ವಾರ, ಒಳಗಿರುವ ಕೂಸಿಗೆ 22.

ಎರಡು ಲೆಕ್ಕ ಬೆರೆತರೆ ಏನಾಗುತ್ತೆ ಅನ್ನೋದಕ್ಕೆ ತರಗತಿಯಲ್ಲಿ ನಾನು ಕೊಡೋ ಉದಾಹರಣೆ ಥಾಲಿಡೋಮೈಡ್. 1950ರ ದಶಕದ ಕೊನೆಗೆ ಜರ್ಮನಿಯಲ್ಲಿ ನಿದ್ದೆಗೆ, ವಾಂತಿಗೆ ಅಂತ ಬಸುರಿಯರಿಗೂ ಕೊಟ್ಟ ಮಾತ್ರೆ. ಕೈಕಾಲು ಬೆಳೆಯದ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿದರು. 1961ರಲ್ಲಿ ಜರ್ಮನಿಯ ವಿಡುಕಿಂಡ್ ಲೆನ್ಜ್, ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಬೇರೆ ಬೇರೆಯಾಗಿ ಈ ಮಾತ್ರೆಯ ಕಡೆ ಬೆರಳು ತೋರಿಸಿದರು. ಯಾವ ದಿನಗಳಲ್ಲಿ ನುಂಗಿದರೆ ಅಪಾಯ ಅನ್ನೋದು ಒಂದು ಪುಸ್ತಕದಲ್ಲಿ 20ರಿಂದ 36ನೇ ದಿನ, ಇನ್ನೊಂದರಲ್ಲಿ 34ರಿಂದ 50ನೇ ದಿನ ಅಂತ ಇರುತ್ತೆ. ಎರಡೂ ಅದೇ ದಿನಗಳು. ಮೊದಲನೆಯದು ಫಲೀಕರಣದಿಂದ, ಎರಡನೆಯದು ಮುಟ್ಟಿನಿಂದ. ಎಲ್ಲಿಂದ ಎಣಿಕೆ ಅಂತ ನೋಡದೆ ಓದಿದ ವೈದ್ಯ ಬಸುರಿಗೆ ‘ನೀನು ಮಾತ್ರೆ ತಗೊಂಡಾಗ ಅಪಾಯದ ದಿನ ದಾಟಿತ್ತು’ ಅಂತ ಸುಳ್ಳು ಸಮಾಧಾನ ಹೇಳಿಬಿಡಬಹುದು.

ಗಾಂಧಿ ಬಜಾರ್ (ಬೆಂಗಳೂರು)

ಇಷ್ಟೊಂದು ಯಾಕೆ? ಎಲ್ಲಾ ಕಡೆ ಎರಡು ವಾರ ಕಳೆದುಬಿಟ್ಟರೆ ಮುಗೀತಲ್ಲ. ಅಸಲಿಗೆ ಮಗು ಇಲ್ಲದ ದಿನದಿಂದ ಮಗುವಿನ ವಯಸ್ಸು ಎಣಿಸೋದೇ ಅವೈಜ್ಞಾನಿಕ. ಇಷ್ಟು ಮುಂದುವರಿದ ಕಾಲದಲ್ಲೂ ಈ ಪದ್ಧತಿ ಯಾಕಿದೆ?

ಅಂಗರಚನೆ ಮೇಷ್ಟ್ರು (ದಾವಣಗೆರೆ)

ಕೇಳಬೇಕಾದ ಪ್ರಶ್ನೆಯೇ. ಹೆಂಗಸಿಗೆ ಕಣ್ಣಾರೆ ಕಂಡು ನೆನಪಿಡಬಹುದಾದ ದಿನ ಮುಟ್ಟಿನದು. ಅಂಡ ಹೊರಬಂದದ್ದು, ಫಲಿಸಿದ್ದು ಯಾರಿಗೂ ಕಾಣಲ್ಲ.

ಚರಿತ್ರೆಯೂ ಅದನ್ನೇ ಹೇಳುತ್ತೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಸೇರಿಸಿ, ಮೂರು ತಿಂಗಳು ಹಿಂದೆ ಹೋಗಿ, ವರ್ಷ ಮುಂದೆ ಹಾಕಿ ಹೆರಿಗೆ ದಿನ ಹೇಳುವ ಸೂತ್ರಕ್ಕೆ ಜರ್ಮನಿಯ ಪ್ರಸೂತಿ ವೈದ್ಯ ಫ್ರಾನ್ಜ್ ನೇಗೆಲೆಯ ಹೆಸರಿದೆ. ಹತ್ತೊಂಬತ್ತನೇ ಶತಮಾನದ ಶುರುವಿನ ಸೂತ್ರ ಅದು. ಸಸ್ತನಿಗಳಿಗೂ ಅಂಡ ಇದೆ ಅಂತ ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1827ರಲ್ಲಿ. ಹೆಂಗಸಿನ ದೇಹದಲ್ಲಿ ಅದು ತಿಂಗಳ ಯಾವ ದಿನ ಹೊರಬರುತ್ತೆ ಅನ್ನೋದು ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾವ್ಸ್ ಇಬ್ಬರ ಕೆಲಸದಿಂದ ತಿಳಿದದ್ದು 1920ರ ದಶಕದಲ್ಲಿ. ಅಷ್ಟರಲ್ಲಿ ಎಷ್ಟೋ ತಲೆಮಾರಿನ ಸೂಲಗಿತ್ತಿಯರು, ವೈದ್ಯರು ಮುಟ್ಟಿನ ಲೆಕ್ಕದಲ್ಲೇ ಹೆರಿಗೆ ಮಾಡಿಸಿದ್ದರು. ಎಲ್ಲ ಕೋಷ್ಟಕ, ಎಲ್ಲ ತೂಕದ ಪಟ್ಟಿ ಆ ಲೆಕ್ಕದಲ್ಲೇ ಇವೆ.

‘ಎರಡು ವಾರ ಕಳೆದುಬಿಡಿ’ ಅಂತ ಮನೆಯಲ್ಲಿ ಹೇಳಬಹುದು. ಆಸ್ಪತ್ರೆಯಲ್ಲಿ ಬೇಡ. ಒಬ್ಬರು ಕಳೆದು ಹೇಳಿ, ಕೇಳಿದವರು ಗೊತ್ತಿಲ್ಲದೆ ಮತ್ತೆ ಕಳೆದರೆ ನಾಲ್ಕು ವಾರ ಹೋಯ್ತು.

ಗಾಂಧಿ ಬಜಾರ್ (ಬೆಂಗಳೂರು)

ಒಗಿನೊ ವಿಷಯ ಗೊತ್ತಿರಲಿಲ್ಲ ಸರ್. ಒಪ್ಪಿದೆ.

ಬಿಳಿ ಜೋಳ (ಬಾಗಲಕೋಟೆ)

ನಾನು ಹದಿಮೂರು ವರ್ಷದಿಂದ ಆಶಾ ಕೆಲಸ ಮಾಡಾಕತ್ತೀನ್ರಿ. ಈ ಲೆಕ್ಕದ ಸಲುವಾಗಿ ಎಷ್ಟು ಮನಿಯೊಳಗ ಜಗಳ ನೋಡೀನಿ ಅಂತ ಹೇಳಾಕ ಆಗೂದಿಲ್ಲ. ಲಗ್ನ ಆದ ಮೊದಲ ತಿಂಗಳಿಗೇ ನಿಂತರ ಹಿಂಗಾ ಆಗ್ತೈತಿ. ದುಬೈಗೆ, ಮಿಲಿಟರಿಗೆ ಹೋದವರ ಹೆಂಡ್ರಿಗೂ ಇದಾ ಪಾಡು. ಗಂಡ ರಜಾಕ್ಕ ಬಂದು ಒಂದು ತಿಂಗಳ ಆಗಿರ್ತೈತಿ, ರಿಪೋರ್ಟಿನ್ಯಾಗ ಆರು ವಾರ ಅಂತ ಇರ್ತೈತಿ.

ನಾನು ಏನ್ ಮಾಡ್ತೀನಂದ್ರ, ತಾಯಿ ಕಾರ್ಡ್ ತುಂಬೂ ಮುಂದ ಅತ್ತೀನ್ನೂ ಕೂಡಿಸ್ಕೊಂಡು ಹೇಳ್ತೀನ್ರಿ: ‘ಅಕ್ಕಾರ, ಇದು ಹೊರಗಾದ ದಿನದಿಂದ ಬರಿಯೂ ಲೆಕ್ಕ. ಎರಡು ವಾರ ಸರಕಾರದ್ದು, ಉಳಿದದ್ದು ಕೂಸಿಂದು.’ ಹಿಂಗ ಅಂದ್ರ ಲಗೂ ತಿಳೀತೈತ್ರಿ.

ಇನ್ನ ತಾರೀಖು ಕೇಳಿದ್ರ ಬಾಳ ಮಂದಿಗೆ ನೆನಪಿರೂದಿಲ್ಲ. ಹಬ್ಬದ ಮ್ಯಾಲೆ ಕೇಳಬೇಕ್ರಿ. ‘ಯುಗಾದಿಗೆ ತಲಿ ಮ್ಯಾಲೆ ನೀರು ಹಾಕ್ಕೊಂಡಿದ್ದಿ ಏನ್? ಜಾತ್ರಿಗೆ ಗುಡಿಗೆ ಹೋಗಿದ್ದಿ, ಹೊರಗ ನಿಂತಿದ್ದಿ? ಕಾರಹುಣ್ಣಿಮಿ ಹಿಂದ ಮುಂದ?’ ಅಂದ್ರ ಪಟ್ ಅಂತ ಹೇಳ್ತಾರ. ಗುಡಿಯೊಳಗ ಹೋಗಾಕ ಆಗಲಿಲ್ಲ ಅನ್ನೂ ದಿನ ಯಾರೂ ಮರಿಯಾಂಗಿಲ್ರಿ. ಅಲ್ಲಿಂದ ಕ್ಯಾಲೆಂಡರ್ ನೋಡಿ ತಾರೀಖು ಹಿಡೀತೀನಿ.

ಒಂದು ಕೇಳೂದೈತಿ. ಏಪ್ರಿಲ್ 20 ಅಂದ್ರ ನಮ್ಮ ಲೆಕ್ಕಕ್ಕ ಏಳು ಕೂಡಿಸಿ 27, ಮೂರು ತಿಂಗಳ ಹಿಂದಕ್ಕ, ಜನವರಿ 27 ಬರಬೇಕು. ರಿಪೋರ್ಟಿನ್ಯಾಗ 25 ಯಾಕ ಬಂತು?

ಸ್ಕ್ಯಾನ್ ಕೊಠಡಿ (ಮೈಸೂರು)

ಬಹಳ ಸೂಕ್ಷ್ಮವಾಗಿ ನೋಡಿದ್ದೀರಿ ಅಕ್ಕ. ಯಂತ್ರ ನೇರವಾಗಿ 280 ದಿನ ಎಣಿಸುತ್ತೆ, ಏಪ್ರಿಲ್ 20ರಿಂದ ಅದು ಜನವರಿ 25ಕ್ಕೆ ಬರುತ್ತೆ. ಕೈಲೆಕ್ಕದಲ್ಲಿ ನಾವು ತಿಂಗಳು ಜಿಗಿಯುತ್ತೀವಿ, ತಿಂಗಳುಗಳು 30, 31, 28 ಅಂತ ಬೇರೆ ಬೇರೆ ಇರೋದರಿಂದ ಒಂದೆರಡು ದಿನ ಆಚೀಚೆ ಆಗುತ್ತೆ. ಎರಡೂ ನಡೆಯುತ್ತೆ. ಇಡಿಡಿ ದಿನವೇ ಹೆರಿಗೆಯಾಗೋದು ನೂರಕ್ಕೆ ನಾಲ್ಕೈದು ಜನರಿಗೆ ಮಾತ್ರ. 37 ವಾರ ತುಂಬಿದ ಮೇಲೆ ಯಾವಾಗ ಹುಟ್ಟಿದರೂ ಅದು ಅವಧಿಗೆ ಮುಂಚೆ ಹುಟ್ಟಿದ ಮಗು ಅಲ್ಲ.

‘ಒಂಬತ್ತು ತಿಂಗಳು ಒಂಬತ್ತು ದಿನ’ ಅಂತ ಅಜ್ಜಿಯರು ಹೇಳ್ತಿದ್ದದ್ದನ್ನೂ ಕೊನೆಯ ಮುಟ್ಟಿನಿಂದ ಎಣಿಸಿ ನೋಡಿ. ನೇಗೆಲೆ ಸೂತ್ರ ಒಂಬತ್ತು ತಿಂಗಳು ಏಳು ದಿನ. ಎಷ್ಟು ಹತ್ತಿರ!

ಅತ್ತಿಮರ (ಶಿವಮೊಗ್ಗ)

ಆ ಎರಡು ವಾರ ಎಲ್ಲರಿಗೂ ಎರಡೇ ವಾರ ಅಲ್ಲ. ಇದನ್ನು ಹೇಳಲೇಬೇಕು ಅಂತ ಬರೀತಿದ್ದೀನಿ.

ನನಗೆ ಪಿಸಿಒಡಿ (ಅಂಡಾಶಯದ ತೊಂದರೆ). ನಲವತ್ತು, ನಲವತ್ತೈದು ದಿನಕ್ಕೊಮ್ಮೆ ಮುಟ್ಟು. ಮೊದಲ ಸಲ ಬಸುರಿಯಾದಾಗ ಮುಟ್ಟಿನ ಲೆಕ್ಕದಲ್ಲಿ ಎಂಟು ವಾರ ಆಗಿತ್ತು. ಸ್ಕ್ಯಾನಿನಲ್ಲಿ ಸಣ್ಣ ಚೀಲ, ಒಳಗೆ ಗೆರೆಯಷ್ಟು ಭ್ರೂಣ, ಬಡಿತ ಕಾಣಿಸಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ‘ಎಂಟು ವಾರಕ್ಕೆ ಇಷ್ಟೇ ಅಂದರೆ ಬೆಳವಣಿಗೆ ನಿಂತಿದೆ, ಮಾತ್ರೆ ಬರೆದು ಕೊಡ್ತೀವಿ, ತೆಗೆದುಬಿಡಿ’ ಅಂದರು. ಚೀಟಿ ನನ್ನ ಕೈಯಲ್ಲಿತ್ತು. ನಮ್ಮ ಚಿಕ್ಕಮ್ಮ ನರ್ಸ್ ಆಗಿದ್ದವರು. ‘ನಿನಗೆ ಮುಟ್ಟೇ ತಡ ಅಲ್ವೇನೇ, ಹತ್ತು ದಿನ ತಡಿ’ ಅಂದರು. ಹತ್ತು ದಿನ ಬಿಟ್ಟು ಬೇರೆ ಕಡೆ ನೋಡಿಸಿದರೆ ಬಡಿತ ಇತ್ತು. ಆ ಮಗು ಈಗ ಒಂದನೇ ಕ್ಲಾಸು.

ಚಕ್ರ ಎಷ್ಟು ದಿನದ್ದು ಅಂತ ಒಂದು ಮಾತು ಕೇಳಿದ್ದರೆ ಆ ಹತ್ತು ದಿನ ನಾನು ಹಾಗೆ ಬದುಕಬೇಕಿರಲಿಲ್ಲ.

ಸ್ಕ್ಯಾನ್ ಕೊಠಡಿ (ಮೈಸೂರು)

ಓದಿ ಸಂಕಟ ಆಯ್ತು. ಅದು ಆಗಬಾರದಿತ್ತು.

ಅಂಡ ಹೊರಬಂದ ಮೇಲೆ ಮುಂದಿನ ಮುಟ್ಟಿನವರೆಗಿನ ಅವಧಿ ಹೆಚ್ಚು ಏರುಪೇರಾಗಲ್ಲ, ಸುಮಾರು ಎರಡು ವಾರ. ಏರುಪೇರು ಇರೋದೆಲ್ಲ ಅದಕ್ಕಿಂತ ಮೊದಲಿನ ದಿನಗಳಲ್ಲಿ. 35 ದಿನದ ಚಕ್ರ ಇದ್ದವರಲ್ಲಿ ಅಂಡ 21ನೇ ದಿನದ ಸುಮಾರಿಗೆ ಬರುತ್ತೆ, 45 ದಿನದವರಲ್ಲಿ 31ರ ಹತ್ತಿರ. ನಿಮ್ಮ ಮುಟ್ಟಿನ ಎಂಟು ವಾರ, ಅಳತೆಯ ಲೆಕ್ಕಕ್ಕೆ ಐದೂಮುಕ್ಕಾಲು ವಾರ ಮಾತ್ರ. ಐದೂಮುಕ್ಕಾಲಕ್ಕೆ ಬಡಿತ ಕಾಣದೇ ಇರೋದು ಸಹಜ.

ಇದಕ್ಕೆ ಸ್ಪಷ್ಟ ಅಳತೆಗಳಿವೆ, ಎಲ್ಲರಿಗೂ ಗೊತ್ತಿರಲಿ. ಒಳಸ್ಕ್ಯಾನಿನಲ್ಲಿ (ಯೋನಿಯ ಮೂಲಕ ಮಾಡುವ ಸ್ಕ್ಯಾನ್) ಭ್ರೂಣ 7 ಮಿ.ಮೀ. ಅಥವಾ ಹೆಚ್ಚು ಇದ್ದೂ ಬಡಿತ ಇಲ್ಲದಿದ್ದರೆ, ಇಲ್ಲವೇ ಚೀಲದ ಸರಾಸರಿ ಅಗಲ 25 ಮಿ.ಮೀ. ಅಥವಾ ಹೆಚ್ಚು ಇದ್ದೂ ಒಳಗೆ ಭ್ರೂಣವೇ ಕಾಣದಿದ್ದರೆ ಮಾತ್ರ ಒಂದೇ ಸ್ಕ್ಯಾನಿನಲ್ಲಿ ‘ಗರ್ಭ ಉಳಿದಿಲ್ಲ’ ಅನ್ನಬಹುದು. ಅದಕ್ಕಿಂತ ಚಿಕ್ಕದಿದ್ದರೆ ಒಂದರಿಂದ ಎರಡು ವಾರ ಬಿಟ್ಟು ಮತ್ತೆ ನೋಡಬೇಕು. ಈ ಹಂತದಲ್ಲಿ ಭ್ರೂಣ ದಿನಕ್ಕೆ ಸುಮಾರು ಒಂದು ಮಿ.ಮೀ. ಬೆಳೆಯುತ್ತೆ. ಒಂದು ವಾರ ಕಾದರೆ ಬೆಳೆದಿದೆಯೋ ಇಲ್ಲವೋ ಬರಿಗಣ್ಣಿಗೇ ಗೊತ್ತಾಗುತ್ತೆ. ರಕ್ತಸ್ರಾವ, ತೀರಾ ಹೊಟ್ಟೆನೋವು, ತಲೆಸುತ್ತು ಇದ್ದರೆ ಮಾತ್ರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಗಾಜಿನ ತಟ್ಟೆ (ಬೆಂಗಳೂರು)

ನಾನು ಐವಿಎಫ್ (ದೇಹದ ಹೊರಗೆ ಫಲೀಕರಣ ಮಾಡಿಸುವ) ಪ್ರಯೋಗಾಲಯದಲ್ಲಿ ಭ್ರೂಣತಜ್ಞೆ. ಫಲೀಕರಣದ ದಿನ ಕರಾರುವಾಕ್ಕಾಗಿ ಗೊತ್ತಿರುವ ಬಸುರು ಅಂದರೆ ನಮ್ಮಲ್ಲಿನದು. ಅಂಡ, ವೀರ್ಯ ಸೇರಿಸಿದ ಹೊತ್ತನ್ನು ಬರೆದಿಟ್ಟಿರ್ತೀವಿ. ಆದರೂ ತಾಯಿಗೆ ಕೊಡುವ ಚೀಟಿಯಲ್ಲಿ ನಾವು ಎರಡು ವಾರ ಸೇರಿಸಿಯೇ ಬರೀತೀವಿ, ಇಲ್ಲದಿದ್ದರೆ ಊರಿನ ಡಾಕ್ಟರ್‌ಗೆ ಗೊಂದಲ.

ಐದು ದಿನ ತಟ್ಟೆಯಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟ ದಿನ ಗರ್ಭದ ವಯಸ್ಸು 2 ವಾರ 5 ದಿನ ಅಂತ ಹಿಡೀತೀವಿ. ಆ ದಿನಕ್ಕೆ 261 ಸೇರಿಸಿದರೆ ಇಡಿಡಿ. ಮೂರನೇ ದಿನದ ಭ್ರೂಣವಾದರೆ 263 ಸೇರಿಸಬೇಕು. ಬೇರೆ ಊರಿಗೆ ಹೋಗಿ ತೋರಿಸುವಾಗ ಕೆಲವರು ಐವಿಎಫ್ ಅಂತ ಹೇಳಲು ಸಂಕೋಚಪಟ್ಟು ಏನೋ ಒಂದು ಮುಟ್ಟಿನ ದಿನ ಹೇಳಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬಿಟ್ಟ ತಾರೀಖು ಮತ್ತು ಎಷ್ಟನೇ ದಿನದ ಭ್ರೂಣ ಅನ್ನೋದು ಎರಡೂ ಹೇಳಿ.

ನನಗೆ ಇನ್ನೂ ಅಚ್ಚರಿ ಹುಟ್ಟಿಸೋದು ಘನೀಕರಿಸಿದ ಭ್ರೂಣಗಳು. ಐದು ದಿನದ ಭ್ರೂಣವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ನಾಲ್ಕು ವರ್ಷ ಇಟ್ಟು ತೆಗೆದರೂ ಅದು ಐದು ದಿನದ್ದೇ. ಭಾರತದ ಮೊದಲ ಪ್ರನಾಳ ಶಿಶು ದುರ್ಗಾ, 1978ರ ಅಕ್ಟೋಬರ್ 3ಕ್ಕೆ ಕಲ್ಕತ್ತಾದಲ್ಲಿ ಹುಟ್ಟಿದ್ದು ಹೀಗೆ ತಣ್ಣಗಿಟ್ಟ ಭ್ರೂಣದಿಂದಲೇ. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿ ಮೂರು ತಿಂಗಳೂ ಆಗಿರಲಿಲ್ಲ. ಅದನ್ನು ಸಾಧಿಸಿದ ಡಾ. ಸುಭಾಷ್ ಮುಖೋಪಾಧ್ಯಾಯರನ್ನು ಅಂದಿನ ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಜೀವ ಕಳೆದುಕೊಂಡರು. ಅವರ ಹೆಸರು ಹೇಳದೆ ನಾನು ಈ ವಿಷಯ ಮಾತಾಡೋದೇ ಇಲ್ಲ.

ಕಪ್ಪು ಕೋಟು (ಧಾರವಾಡ)

ಘನೀಕರಣದ ಮಾತು ಬಂತಲ್ಲ, ಅದು ನಮ್ಮ ಕಾನೂನಿನಲ್ಲೂ ಇದೆ. ಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿ ಪ್ರಕಾರ ಫಲೀಕರಣದಿಂದ 56 ದಿನದವರೆಗೆ ಒಂದು ಹೆಸರು (ಎಂಬ್ರಿಯೊ), 57ನೇ ದಿನದಿಂದ ಹುಟ್ಟುವವರೆಗೆ ಇನ್ನೊಂದು (ಫೀಟಸ್). ಬೆಳವಣಿಗೆ ತಡೆಹಿಡಿದ ಅವಧಿಯನ್ನು ಬಿಟ್ಟು ಎಣಿಸಬೇಕು ಅಂತಲೂ ಅಲ್ಲೇ ಹೇಳಿದೆ. ಕನ್ನಡದಲ್ಲಿ ನಾವು ಎರಡಕ್ಕೂ ಭ್ರೂಣ ಅಂತಲೇ ಅಂತೀವಿ. ಗಮನಿಸಿ, ಈ 56 ದಿನ ಫಲೀಕರಣದ ಲೆಕ್ಕ. ಸ್ಕ್ಯಾನ್ ರಿಪೋರ್ಟಿನಲ್ಲಿ ಅದು 10 ವಾರ.

ಗರ್ಭಪಾತದ ಕಾಯ್ದೆಗೆ ಬಂದರೆ ಲೆಕ್ಕ ಬದಲು. 1971ರ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ನಿಯಮದಲ್ಲಿ ಹೇಳಿರುವ ಹೆಂಗಸರಿಗೆ, ಅಂದರೆ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು ಮುಂತಾದವರಿಗೆ ಇಬ್ಬರು ವೈದ್ಯರು ಬೇಕು. 24 ದಾಟಿದರೆ ಭ್ರೂಣದಲ್ಲಿ ಗಂಭೀರ ನ್ಯೂನತೆ ಇದ್ದಾಗ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತೆ. ಆಸ್ಪತ್ರೆಗಳು ಈ ವಾರಗಳನ್ನು ಎಣಿಸೋದು ಮುಟ್ಟಿನಿಂದ.

ಕಕ್ಷಿದಾರರ ಮನೆಯವರು ‘ಘಟನೆ ನಡೆದು 23 ವಾರ ಆಯ್ತು, ಇನ್ನೂ ಒಂದು ವಾರ ಇದೆ’ ಅಂತ ಬರ್ತಾರೆ. ರಿಪೋರ್ಟಿನಲ್ಲಿ ಆಗಲೇ 25 ಆಗಿರುತ್ತೆ. ಹದಿನಾಲ್ಕು ವರ್ಷದ ಹುಡುಗಿಗೆ ಆ ಎರಡು ವಾರ ಎಂಥದ್ದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹೈಕೋರ್ಟಿಗೆ ಓಡಬೇಕಾಗುತ್ತೆ. ಇಂಥ ಪ್ರಸಂಗದಲ್ಲಿ ಯಾರೇ ಆಗಲಿ, ಘಟನೆಯ ದಿನದಿಂದ ಎಣಿಸ್ತಾ ಕೂರಬೇಡಿ, ಅನುಮಾನ ಬಂದ ದಿನವೇ ಸ್ಕ್ಯಾನ್ ಮಾಡಿಸಿ.

ಬೇಸಿಗೆ ಮಲ್ಲಿಗೆ (ಆಸ್ಟಿನ್)

ಟೆಕ್ಸಸ್‌ನಲ್ಲಿರುವ ನಮಗೆ ‘ಗರ್ಭದ ವಯಸ್ಸು’ ಅನ್ನೋ ಪದದ ಅರ್ಥ 2021ರ ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ತಿಳೀತು. ಆಗ ಜಾರಿಗೆ ಬಂದ ಕಾನೂನು ಹೃದಯ ಬಡಿತ ಕಂಡ ಮೇಲೆ ಗರ್ಭಪಾತ ಇಲ್ಲ ಅಂದಿತು. ಗರ್ಭದ ವಯಸ್ಸು ಕೊನೆಯ ಮುಟ್ಟಿನ ಮೊದಲ ದಿನದಿಂದ ಅಂತ ಅದರಲ್ಲೇ ವ್ಯಾಖ್ಯಾನ ಇತ್ತು. ಜನ ‘ಆರು ವಾರದ ಕಾನೂನು’ ಅಂದರು. ಆರು ವಾರ ಟೈಮ್ ಇದೆಯಲ್ಲ ಅಂತ ಎಷ್ಟೋ ಜನ ಅಂದುಕೊಂಡರು. ಮುಟ್ಟು ತಪ್ಪುವ ಹೊತ್ತಿಗೇ ನಾಲ್ಕು ವಾರ ಮುಗಿದಿರುತ್ತೆ. ಉಳಿಯೋದು ಎರಡು ವಾರ, ಅದರಲ್ಲೇ ಪರೀಕ್ಷೆ, ಅಪಾಯಿಂಟ್‌ಮೆಂಟ್, ನಿರ್ಧಾರ ಎಲ್ಲ. ಮುಟ್ಟು ತಡವಾಗುವವರಿಗೆ ಅದೂ ಇಲ್ಲ. 2022ರ ನಂತರ ಇಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಷೇಧವೇ ಇದೆ, ಅದು ಬೇರೆ ಮಾತು.

ತಾಳೆಗರಿ (ಮೇಲುಕೋಟೆ)

ನಾನು ಸಂಸ್ಕೃತ ಪಾಠ ಹೇಳುವವನು. ನಮ್ಮ ಹಳೆಯ ಗ್ರಂಥಗಳು ಎಣಿಸಿದ್ದು ನೀವು ಹೇಳುವ ‘ಭ್ರೂಣದ ವಯಸ್ಸ’ನ್ನೇ. ಭಾಗವತದ ಮೂರನೇ ಸ್ಕಂಧದಲ್ಲಿ ಒಂದು ರಾತ್ರಿಗೆ ಕಲಲ (ಲೋಳೆ), ಐದು ರಾತ್ರಿಗೆ ಬುದ್ಬುದ (ಗುಳ್ಳೆ), ಹತ್ತು ದಿನಕ್ಕೆ ಬೋರೆಹಣ್ಣಿನಂತೆ ಎಂದು ಕಪಿಲ ತಾಯಿ ದೇವಹೂತಿಗೆ ಹೇಳುತ್ತಾನೆ. ಗರ್ಭೋಪನಿಷತ್ತಿನಲ್ಲಿ ಏಳು ರಾತ್ರಿಗೆ ಬುದ್ಬುದ. ಸುಶ್ರುತ ಮೊದಲ ತಿಂಗಳಿಡೀ ಕಲಲ ಎನ್ನುತ್ತಾನೆ. ಇದನ್ನು ಇಂದಿನ ವಿಜ್ಞಾನದ ಜೊತೆ ತಾಳೆ ಹಾಕಿ ‘ಆಗಲೇ ಎಲ್ಲ ಗೊತ್ತಿತ್ತು’ ಎನ್ನುವವರ ಜೊತೆ ನಾನಿಲ್ಲ. ಹತ್ತು ದಿನದ ಭ್ರೂಣ ಬರಿಗಣ್ಣಿಗೆ ಬೋರೆಹಣ್ಣಿನಷ್ಟು ಕಾಣುವುದಿಲ್ಲ. ಆದರೆ ಕೂಡಿದ ರಾತ್ರಿಯಿಂದ ಎಣಿಸಬೇಕೆಂದು ಅವರಿಗೆ ಅನಿಸಿತ್ತು, ಕೂಸು ಹಂತಹಂತವಾಗಿ ರೂಪ ತಳೆಯುತ್ತದೆ ಎಂದು ಗ್ರಹಿಸಿದ್ದರು ಎನ್ನುವುದು ನನಗೆ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಬಿಳಿ ಜೋಳ (ಬಾಗಲಕೋಟೆ)

ಅಂಗರಚನೆ ಸರ್, ನೀವು ನರನಾಳ 28ನೇ ದಿನಕ್ಕ ಮುಚ್ಚತೈತಿ ಅಂದ್ರಿ. ಅಂದ್ರ ನಮ್ಮ ಕಾರ್ಡಿನ ಲೆಕ್ಕಕ್ಕ ಆರು ವಾರ. ನಮ್ಮ ಕಡೆ ಮೂರು ತಿಂಗಳ ತುಂಬೂ ತನಕ ಯಾರಿಗೂ ಹೇಳಬಾರದು ಅಂತ ಸುಮ್ನಿರ್ತಾರ್ರಿ. ಆಮ್ಯಾಲೆ ಬಂದು ಹೆಸರು ಬರಸ್ತಾರ. ಅಷ್ಟೊತ್ತಿಗೆ ಫೋಲಿಕ್ ಮಾತ್ರಿ ಕೊಟ್ರ ಏನ್ ಉಪಯೋಗ ಆತು?

ಅಂಗರಚನೆ ಮೇಷ್ಟ್ರು (ದಾವಣಗೆರೆ)

ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನಿಸಿದ ಪ್ರಶ್ನೆ ಇದು ತಾಯಿ.

ಭ್ರೂಣದ ಬೆನ್ನಿನ ಮೇಲೆ ಒಂದು ಹಾಳೆಯಂಥ ಪದರ ಇರುತ್ತೆ. ಮೂರನೇ ವಾರದ ಕೊನೆಗೆ ಅದರ ಎರಡು ಅಂಚು ಮೇಲೆದ್ದು, ನಡುವೆ ಒಂದಕ್ಕೊಂದು ಕೂಡಿ, ಅಲ್ಲಿಂದ ತಲೆಯ ಕಡೆಗೂ ಬಾಲದ ಕಡೆಗೂ ಮುಚ್ಚುತ್ತಾ ಹೋಗುತ್ತೆ. ತಲೆಯ ಕಡೆಯ ಬಾಯಿ ಸುಮಾರು 25ನೇ ದಿನ, ಬಾಲದ ಕಡೆಯದು 28ರ ಹೊತ್ತಿಗೆ ಮುಚ್ಚಬೇಕು. ಮೇಲೆ ಮುಚ್ಚದಿದ್ದರೆ ಮೆದುಳು, ತಲೆಬುರುಡೆ ಬೆಳೆಯದ ಮಗು. ಕೆಳಗೆ ಮುಚ್ಚದಿದ್ದರೆ ಬೆನ್ನುಹುರಿ ಹೊರಗೆ ಬಂದ ಮಗು. ಇದೆಲ್ಲ ಮುಗಿಯೋದು ಮುಟ್ಟು ತಪ್ಪಿ ಎರಡು ವಾರದೊಳಗೆ. ಸೀಮಂತ, ಕಾರ್ಡು, ಮೊದಲ ಸ್ಕ್ಯಾನು ಎಲ್ಲ ಅದರ ನಂತರ.

1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ, ಹಲವು ದೇಶಗಳಲ್ಲಿ ನಡೆದ ಪ್ರಯೋಗ ಇದೆ. ಹಿಂದೆ ಇಂಥ ಮಗು ಹುಟ್ಟಿದ್ದ ತಾಯಂದಿರಿಗೆ ಗರ್ಭ ಕಟ್ಟುವ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟಾಗ ಮತ್ತೆ ಹಾಗಾಗುವ ಸಂಭವ 72% ಇಳಿಯಿತು. ಆದ್ದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ ಬಸುರಾಗುವ ಒಂದು ತಿಂಗಳ ಮುಂಚೆಯಿಂದ ಮೊದಲ ಮೂರು ತಿಂಗಳು ಮುಗಿಯುವವರೆಗೆ. ಹಿಂದಿನ ಮಗುವಿಗೆ ಈ ತೊಂದರೆ ಇದ್ದವರಿಗೆ, ಫಿಟ್ಸ್ ಮಾತ್ರೆ ನುಂಗುವವರಿಗೆ ಪ್ರಮಾಣ ಬೇರೆ, ವೈದ್ಯರನ್ನು ಕೇಳಬೇಕು. ತಡವಾಗಿ ಕೊಟ್ಟ ಮಾತ್ರೆ ರಕ್ತಹೀನತೆಗೆ ಸಹಾಯವಾಗುತ್ತೆ, ನರನಾಳಕ್ಕೆ ಅಲ್ಲ. ನೀವು ಮಾತ್ರೆ ಕೊಡಬೇಕಾದ್ದು ಮದುವೆ ಮನೆಯಲ್ಲಿ.

ಇನ್ನೊಂದು ಸಂಗತಿ. ಫೋಲಿಕ್ ಆಮ್ಲದ ಜಾಡು ಮೊದಲು ಸಿಕ್ಕಿದ್ದು ನಮ್ಮ ದೇಶದಲ್ಲೇ. ಇಂಗ್ಲೆಂಡಿನಿಂದ ಬಂದಿದ್ದ ವೈದ್ಯೆ ಲೂಸಿ ವಿಲ್ಸ್ ಮುಂಬೈಯ ಬಟ್ಟೆ ಗಿರಣಿಗಳ ಬಡ ಬಸುರಿಯರ ತೀವ್ರ ರಕ್ತಹೀನತೆಗೆ ಕಾರಣ ಹುಡುಕುತ್ತಾ, ಯೀಸ್ಟಿನ ಸಾರ ಕೊಟ್ಟರೆ ಅದು ವಾಸಿಯಾಗುತ್ತೆ ಅಂತ 1931ರಲ್ಲಿ ಬರೆದರು.

ಹೇಮಾವತಿ ತೀರ (ಹಾಸನ)

ಎಲ್ಲರಿಗೂ ಕೈಮುಗೀತೀನಿ. ಸ್ಕ್ಯಾನ್ ಕೊಠಡಿ ಅವರ ಮೊದಲ ಉತ್ತರವನ್ನು ತಂಗಿ ಗಂಡನಿಗೇ ಕಳಿಸಿದೆ. ನಾಳೆ ಅವನೇ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗ್ತೀನಿ ಅಂದಿದ್ದಾನೆ. ಒಂದೇ ಪ್ರಶ್ನೆ ಉಳಿದಿದೆ. ಮುಂದಿನ ಸ್ಕ್ಯಾನ್‌ಗಳಲ್ಲಿ ಇಡಿಡಿ ಬದಲಾದರೆ ಮತ್ತೆ ಇದೇ ರಾಮಾಯಣ ಆಗುತ್ತಾ?

ಸ್ಕ್ಯಾನ್ ಕೊಠಡಿ (ಮೈಸೂರು)

ಬದಲಾಗಿ ಕಾಣಬಹುದು, ಆದರೆ ಒಪ್ಪಬೇಕಿಲ್ಲ. ಒಂಬತ್ತು ವಾರದೊಳಗಿನ ಸ್ಕ್ಯಾನು ಮುಟ್ಟಿನ ಲೆಕ್ಕಕ್ಕಿಂತ ಐದು ದಿನಕ್ಕೂ ಹೆಚ್ಚು ಆಚೀಚೆ ಇದ್ದರೆ ಸ್ಕ್ಯಾನಿನ ದಿನ ಹಿಡೀತೀವಿ, ಇಲ್ಲದಿದ್ದರೆ ಮುಟ್ಟಿನದನ್ನೇ. ನಿಮ್ಮ ತಂಗಿಗೆ ಎರಡೂ ಒಂದೇ ಬಂದಿದೆ, ಹಾಗಾಗಿ ಜನವರಿ 25 ಗಟ್ಟಿ. ಮುಂದೆ 18ರಿಂದ 20 ವಾರಕ್ಕೆ ಅಂಗಾಂಗ ನೋಡುವ ಸ್ಕ್ಯಾನ್ ಇರುತ್ತೆ, ಎಂಟನೇ ತಿಂಗಳಲ್ಲಿ ಇನ್ನೊಂದು. ಆಗ ಯಂತ್ರ ತಲೆ, ಹೊಟ್ಟೆ, ತೊಡೆಮೂಳೆ ಅಳೆದು ವಾರ ಬರೆಯುತ್ತೆ. ಅಷ್ಟರಲ್ಲಿ ಮಕ್ಕಳು ಅಪ್ಪ ಅಮ್ಮನ ಮೈಕಟ್ಟಿನಂತೆ ದೊಡ್ಡದು, ಚಿಕ್ಕದು ಆಗಿರ್ತಾರೆ. ಕೊನೆಯ ತಿಂಗಳುಗಳಲ್ಲಿ ಈ ಅಂದಾಜು ಮೂರು ವಾರದವರೆಗೂ ಆಚೀಚೆ ಆಗಬಹುದು.

ಆ ಅಳತೆಯ ಬಹುಪಾಲು ಕೋಷ್ಟಕಗಳು ಪಾಶ್ಚಾತ್ಯ ದೇಶದ ಮಕ್ಕಳದ್ದು. ನಮ್ಮ ಮಕ್ಕಳಿಗೆ ನಮ್ಮದೇ ಲೆಕ್ಕ ಬೇಕು ಅಂತ ಗುರುಗ್ರಾಮದ ಸಿವಿಲ್ ಆಸ್ಪತ್ರೆಯ ಬಸುರಿಯರ ಮಾಹಿತಿಯಿಂದ ಫರಿದಾಬಾದಿನ ಸಂಶೋಧನಾ ಸಂಸ್ಥೆ ಟಿಎಚ್‌ಎಸ್‌ಟಿಐ ಮತ್ತು ಐಐಟಿ ಮದ್ರಾಸ್ ಸೇರಿ ‘ಗರ್ಭಿಣಿ’ ಅನ್ನುವ ಮಾದರಿ ಮಾಡಿವೆ. ಅದು ಎಲ್ಲ ಯಂತ್ರಗಳಿಗೆ ಬರಲಿ ಅನ್ನೋದು ನನ್ನ ಆಸೆ.

ಜೂನ್ 4ರ ಹಾಳೆಯನ್ನು ತಾಯಿ ಕಾರ್ಡಿನ ಒಳಗೇ ಇಡಿ, ಲ್ಯಾಮಿನೇಷನ್ ಬೇಡ, ಒಂದು ಜೆರಾಕ್ಸ್ ಮಾಡಿಸಿ. ಅವಧಿಗೆ ಮುಂಚೆ ನೋವು ಕಾಣಿಸಿಕೊಂಡರೆ ಮಗುವಿನ ಶ್ವಾಸಕೋಶಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡಬೇಕೋ ಬೇಡವೋ ಅಂತ ವೈದ್ಯರು ಆ ಹಾಳೆ ನೋಡಿಯೇ ತೀರ್ಮಾನಿಸ್ತಾರೆ.

ಎರಡನೇ ಬೆಂಚು (ಚಿತ್ರದುರ್ಗ)

ನಾನು ದ್ವಿತೀಯ ಪಿಯುಸಿ. ಒಂದು ಕಡೆ ಗರ್ಭಾವಧಿ 266 ದಿನ, ಇನ್ನೊಂದು ಕಡೆ 280 ಅಂತ ಇದೆ. ಪರೀಕ್ಷೆಯಲ್ಲಿ ಯಾವುದು ಬರೀಲಿ ಸರ್?

ಅಂಗರಚನೆ ಮೇಷ್ಟ್ರು (ದಾವಣಗೆರೆ)

266 ಬರೆದರೆ ಪಕ್ಕದಲ್ಲಿ ‘ಫಲೀಕರಣದಿಂದ’ ಅಂತ ಸೇರಿಸಪ್ಪ. 280 ಬರೆದರೆ ‘ಕೊನೆಯ ಮುಟ್ಟಿನ ಮೊದಲ ದಿನದಿಂದ’ ಅಂತ. ಎಲ್ಲಿಂದ ಅಂತ ಬರೆದಿದ್ದರೆ ಎರಡೂ ಸರಿ.